ಬಲಗಿವಿ

ಇಜಾಜ ಮೂರು ಡಬ್ಬಿಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟು, "ನೀವ ಹಾಕ್ಕೊಂಡು ನೋಡ್ರಿ ಮೇಡಂ, ದಿನಾ ಬಳಸೋರು ನೀವು," ಎಂದು ಜಯಮಾಲಾಳ ಕಡೆ ಸರಿಸಿದ. ಅವನು ವಿಜಯಪುರದ ಅಂಗಡಿಯವನು. ವೈರಿಲ್ಲದ ಹೆಡ್‌ಸೆಟ್‌ಗಳನ್ನು ತೋರಿಸಲು ಬೆಳಗಿನ ಬಸ್ಸಿಗೆ ಸಿಂದಗಿಗೆ ಬಂದಿದ್ದ.

ಆಫೀಸು ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಬೀಜ-ಗೊಬ್ಬರದ ಅಂಗಡಿಯ ಮೇಲಿತ್ತು. ದನಗಳಿಗೆ ಜಡ್ಡಾದರೆ ರೈತರು ಅಲ್ಲಿಗೆ ಫೋನು ಮಾಡುತ್ತಿದ್ದರು. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗೆ ಒಂದೊಂದು ಗಾಡಿ, ಗಾಡಿಗೊಬ್ಬ ಡಾಕ್ಟರು. ಕರೆ ಬಂದ ಊರಿಗೆ ಗಾಡಿ ಕಳಿಸುವುದು ಈ ಕೋಣೆಯಲ್ಲಿ ಕೂತ ಹೆಣ್ಣುಮಕ್ಕಳ ಕೆಲಸ. ಹಳೆಯ ಫೋನುಗಳ ವೈರು ಹರಿದು, ಟೇಪು ಸುತ್ತಿ, ಮತ್ತೆ ಹರಿದು ಸಾಕಾಗಿತ್ತು. ಕಂಪನಿಯವರು ಕೊನೆಗೆ ಹೊಸದಕ್ಕೆ ಒಪ್ಪಿದ್ದರು.

ಒಂದು ಹೆಡ್‌ಸೆಟ್ ಎರಡೂ ಕಿವಿಗಳನ್ನು ದಪ್ಪ ಮೆತ್ತೆಯಿಂದ ಮುಚ್ಚುವಂಥದ್ದು. ಇನ್ನೊಂದು ಒಂದೇ ಕಿವಿಯದು, ಎಡಕ್ಕೆ ಬೇಕಾದರೆ ಎಡಕ್ಕೆ, ಬಲಕ್ಕೆ ಬೇಕಾದರೆ ಬಲಕ್ಕೆ ತಿರುಗಿಸಿಕೊಳ್ಳಬಹುದು. ಮೂರನೆಯದು ಕಿವಿಯ ಹಿಂದೆ ಸಿಕ್ಕಿಸುವ ಹಗುರಾದದ್ದು. ಹಗುರಾದದ್ದು ತಲೆಗೆ ಎಣ್ಣೆ ಹಚ್ಚಿದ ದಿನ ಜಾರಿ ಬೀಳುತ್ತದೆ ಎಂದು ಇಜಾಜನೇ ಒಪ್ಪಿಕೊಂಡ. ಉಳಿದವೆರಡೂ ಚಲೋ, ಸಂಜೆ ಸ್ಟ್ಯಾಂಡಿನ ಮೇಲಿಟ್ಟು ಹೋದರೆ ಮರುದಿನ ಪೂರ್ತಿ ಚಾರ್ಜು ಇರುತ್ತದೆ, ಮಾತಾಡುತ್ತಲೇ ಪಕ್ಕದ ಕೋಣೆಗೆ ಹೋದರೂ ಕರೆ ತುಂಡಾಗುವುದಿಲ್ಲ ಎಂದ.

ಸುಮಂಗಲಾ ಒಂದೇ ಕಿವಿಯದಕ್ಕೆ ಮನಸ್ಸು ಮಾಡಿಯಾಗಿತ್ತು. ಅವಳು ಜಯಮಾಲಾಳ ಬಲಗಡೆಯ ಕುರ್ಚಿಯವಳು, ಕೆಲಸಕ್ಕೆ ಸೇರಿ ಬಹಳ ದಿನವಾಗಿರಲಿಲ್ಲ. ಎರಡೂ ಕಿವಿ ಮುಚ್ಚಿಕೊಂಡು ಕೂತರೆ ಯಾವ ಗಾಡಿ ಎಲ್ಲಿದೆ ಎಂದು ಒಬ್ಬರನ್ನೊಬ್ಬರು ಕೇಳುವುದು ಹೇಗೆ ಎಂಬುದು ಅವಳ ಮಾತು. ಉಳಿದವರೂ ಹೌದೆಂದರು. ಆಫೀಸಿನ ಉಸ್ತುವಾರಿಯ ಅನಿಲಕುಮಾರ ಮಾತ್ರ, ಜಯಮಾಲಾ ಮೇಡಂ ಏನು ಹೇಳುತ್ತಾರೋ ಅದೇ ಕೊನೆ ಎಂದು ಕೈಕಟ್ಟಿ ನಿಂತ.

ಜಯಮಾಲಾ ಮೊದಲು ಎರಡು ಕಿವಿಯದನ್ನು ಹಾಕಿಕೊಂಡಳು. ಇಜಾಜ ಪಕ್ಕದ ಕೋಣೆಗೆ ಹೋಗಿ ಫೋನಿನಲ್ಲಿ ಏನೇನೋ ಮಾತಾಡಿದ. ಅವನ ದನಿ ಅವಳ ತಲೆಯೊಳಗೇ ಬಂದು ನಿಂತಿತು, ತುಂಬಿಕೊಂಡು, ಅಂಚು ಮುರಿಯದೆ. ಮಾತು ಹೀಗೆ ಕೇಳಿಸುತ್ತಿದ್ದದ್ದನ್ನು ಅವಳು ಮರೆತೇಬಿಟ್ಟಿದ್ದಳು. ಅವನು ಮಾತು ಮುಗಿಸಿದ ಮೇಲೂ ತುಸು ಹೊತ್ತು ತೆಗೆಯದೆ ಕೂತಳು. ಆಮೇಲೆ ಒಂದು ಕಿವಿಯದನ್ನು ಎಡಕ್ಕೆ ಹಾಕಿ ನೋಡಿದಳು, ಕೇಳಿಸಿತು. ಬಲಕ್ಕೆ ತಿರುಗಿಸಿದಳು. ಅದೇ ದನಿ ಯಾರೋ ಕೌದಿ ಹೊದ್ದು ಒಳಗಿನಿಂದ ಮಾತಾಡಿದಂತಾಯಿತು.

ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಎರಡು ಕಿವಿಯದು ಬೇಕೆಂದರೆ ಯಾಕೆ ಎಂದು ಕೇಳುತ್ತಾರೆ.

"ಒಂದ ಕಿವೀದ ಸಾಕ್ರಿ," ಎಂದಳು. "ಹಗೂರ ಐತಿ."

ಬಲಗಿವಿ ಮಂದವಾಗತೊಡಗಿದ್ದು ಯಾವಾಗ ಎಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಹಿಂದಿನ ವರ್ಷದ ಚಳಿಗಾಲದಲ್ಲಿ ಮಲಗುವಾಗ ಎಡಮಗ್ಗುಲಾದರೆ ಬೀದಿಯ ನಾಯಿಗಳ ಸದ್ದು ನಿಂತುಹೋಗುತ್ತಿತ್ತು. ಮೊದಲು ಅದು ಆರಾಮೆನಿಸಿತು, ಆಮೇಲೆ ಹೆದರಿಕೆಯಾಯಿತು. ಗಂಡ ಬಸಂತರಾಯ ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಮಾಸ್ತರ, ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದ. ಕೇಳಿದ್ದಕ್ಕೆಲ್ಲ ಅವಳು ಹೂಂ ಎನ್ನುವುದನ್ನು ಅವನು ಗಮನಿಸಿದ್ದ. ವಿಜಯಪುರದಲ್ಲಿ ಕಿವಿಯ ಡಾಕ್ಟರಿದ್ದಾರೆ, ರಜೆಯಲ್ಲಿ ಹೋಗಿ ಬರೋಣ ಎಂದು ಒಮ್ಮೆ ಹೇಳಿದ. ಅವಳು ಆಮೇಲೆ ನೋಡೋಣ ಎಂದಳು. ಅವನು ಒತ್ತಾಯ ಮಾಡಲಿಲ್ಲ. ಆದರೆ ಅಂದಿನಿಂದ ಊಟಕ್ಕೆ ಅವಳ ಎಡಕ್ಕೇ ಕೂಡತೊಡಗಿದ.

ಕಿವಿಗೆ ಮಷೀನು ಹಾಕಿಕೊಂಡವಳನ್ನು ಫೋನಿನ ಮುಂದೆ ಯಾರು ಕೂಡಿಸುತ್ತಾರೆ ಎಂಬುದು ಅವಳ ಚಿಂತೆ. ಮದುವೆಯಾದ ಹೊಸತರಲ್ಲಿ ಅವಳು ಊರಲ್ಲಿ ಟೆಲಿಫೋನ್ ಬೂತು ನಡೆಸಿದ್ದಳು. ಬೂತುಗಳ ಕಾಲ ಮುಗಿದು ಎಷ್ಟೋ ವರ್ಷ ಮನೆಯಲ್ಲಿದ್ದು, ಈ ಆಫೀಸು ತೆರೆದ ದಿನವೇ ಬಂದು ಸೇರಿದ್ದಳು. ಫೋನಿನಲ್ಲಿ ಅವಳ ದನಿ ಬೇರೆಯಾಗುತ್ತಿತ್ತು, ಬೆಚ್ಚಗಿರುತ್ತಿತ್ತು, ಗಡಿಬಿಡಿ ಇರುತ್ತಿರಲಿಲ್ಲ. ಇಂಡಿಯ ಲಿಂಬೆ ತೋಟದವರು, ತಂಗಡಗಿಯ ಹೊಳೆ ದಂಡೆಯವರು, ಅವಳ ಮುಖವನ್ನೇ ನೋಡದವರು, ಜಯಮಾಲಾ ಅಕ್ಕಾರಿಗೆ ಕೊಡ್ರಿ ಎಂದು ಹೆಸರು ಹಿಡಿದು ಕೇಳುತ್ತಿದ್ದರು. ಆಕಳ ಕರ ಬದುಕಿ ಉಳಿಯಿತೆಂದು ಹೇಳಲಿಕ್ಕೇ ಫೋನು ಮಾಡಿದವರೂ ಇದ್ದರು. ಮನೆಯಲ್ಲಿ, ಓಣಿಯಲ್ಲಿ ಅವಳು ಮಾಸ್ತರರ ಹೆಂಡತಿ. ಫೋನಿನ ಮುಂದೆ ಮಾತ್ರ ಅವಳು ಜಯಮಾಲಾ.

ಹೊಸ ಹೆಡ್‌ಸೆಟ್‌ಗಳು ಬಂದ ಮೇಲೆ ಕೋಣೆಯೇ ಬದಲಾಯಿತು. ಎಲ್ಲರೂ ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುತ್ತಿರುವಂತೆ ಕಾಣುತ್ತಿತ್ತು. ಸುಮಂಗಲಾ ಕಿಟಕಿಯವರೆಗೆ ನಡೆದು, ಕೆಳಗಿನ ರಸ್ತೆ ನೋಡುತ್ತ, ಎತ್ತಿನ ಹೊಟ್ಟೆ ಉಬ್ಬರದ ಬಗ್ಗೆ ವಿಚಾರಿಸುತ್ತಿದ್ದಳು. ಜಯಮಾಲಾ ಎದ್ದು ಓಡಾಡಲಿಲ್ಲ. ಮುಂಚೆ ಫೋನು ಎತ್ತಿ ಎಡಗಿವಿಗೆ ಹಿಡಿದು, ಮಾತು ಮುಗಿದ ಕೂಡಲೇ ಇಟ್ಟುಬಿಡುತ್ತಿದ್ದಳು. ಈಗ ಕರೆ ಇರಲಿ ಬಿಡಲಿ, ಹೆಡ್‌ಸೆಟ್ ಮುಂಜಾನೆಯಿಂದ ಸಂಜೆಯವರೆಗೆ ಕಿವಿಯ ಮೇಲೇ ಇರಬೇಕು. ಎಡಗಿವಿ ಮುಚ್ಚಿತೆಂದರೆ ಅವಳಿಗೆ ಕೋಣೆಯೇ ಮುಚ್ಚಿದಂತೆ.

ಅನಿಲಕುಮಾರ ಗಾಜಿನ ಬಾಗಿಲು ತೆರೆದು ಕರೆದರೆ ಅವಳು ತಿರುಗುತ್ತಿರಲಿಲ್ಲ. ಸುಮಂಗಲಾ ಭುಜ ಮುಟ್ಟಿ ಹೇಳುತ್ತಿದ್ದಳು. ಒಂದು ದಿನ ಅವನು ಬೆನ್ನ ಹಿಂದೆ ನಿಂತು ಮುದ್ದೇಬಿಹಾಳದ ಗಾಡಿ ಎಲ್ಲಿದೆ ಎಂದು ಕೇಳಿ, ಉತ್ತರ ಬಾರದೆ ಹೊರಟುಹೋದನಂತೆ. ಸಂಜೆ ಅವಳನ್ನು ಒಳಗೆ ಕರೆದ. ವಿಜಯಪುರದ ಕಂಪನಿಯವರು ಅಲ್ಲಿಯ, ಇಲ್ಲಿಯ ಎರಡೂ ಆಫೀಸು ಕೂಡಿಸಿ ಒಂದು ಮಾಡುವ ವಿಚಾರದಲ್ಲಿದ್ದಾರೆ, ಇಲ್ಲಿಂದ ಎಲ್ಲರನ್ನೂ ಒಯ್ಯುವುದಿಲ್ಲ ಎಂದು ತಿಳಿಸಿ, "ನೀವು ಹಿರೇರು ಮೇಡಂ. ನೀವ ಲಕ್ಷ್ಯ ಕೊಡ್ಲಿಲ್ಲಂದ್ರ ಉಳಿದೋರಿಗೆ ನಾ ಏನ್ ಹೇಳ್ಲಿ?" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಮರುದಿನ ಅವಳು ಹೆಡ್‌ಸೆಟ್ಟನ್ನು ಬಲಗಿವಿಗೆ ತಿರುಗಿಸಿ, ಸದ್ದನ್ನು ಪೂರ್ತಿ ಏರಿಸಿದಳು. ಎಡಗಿವಿ ಕೋಣೆಗೆ ಬಿಡುವಾಯಿತು. ಅನಿಲಕುಮಾರ ಕರೆದಾಗ ಮೊದಲು ತಿರುಗುವವಳು ಅವಳೇ ಆದಳು. ಕರೆಗಳೂ ಹೇಗೋ ನಡೆದವು. ರೈತರು ಫೋನಿನಲ್ಲಿ ಜೋರಾಗಿ ಮಾತಾಡುವವರು. ಕೇಳುವ ಪ್ರಶ್ನೆಗಳು ಅವೇ, ಜ್ವರ, ಮೇವು ಬಿಟ್ಟದ್ದು, ಕಾಲು-ಬಾಯಿ ಬ್ಯಾನಿ. ಅರ್ಧ ಕೇಳಿಸಿದರೆ ಉಳಿದರ್ಧವನ್ನು ಅವಳು ಅನುಭವದಿಂದ ತುಂಬಿಕೊಳ್ಳುತ್ತಿದ್ದಳು. ಅವಳ ಹೆಡ್‌ಸೆಟ್ಟಿನಿಂದ ಹೊರಗೆ ಸೋರುವ ದನಿ ಪಕ್ಕದ ಕುರ್ಚಿಯವರೆಗೆ ಕೇಳುತ್ತಿತ್ತು. ಸುಮಂಗಲಾ ಆಗೀಗ ಈ ಕಡೆ ನೋಡಿ, ಏನೋ ಹೇಳಬೇಕೆಂದವಳು ಸುಮ್ಮನಾಗುತ್ತಿದ್ದಳು.

ಆ ಕರೆ ಬಂದದ್ದು ಮುಂಜಾನೆ, ಕರೆಂಟು ಹೋಗಿ ಕೆಳಗಿನ ಅಂಗಡಿಯವರು ಜನರೇಟರ್ ಹಚ್ಚಿದ್ದ ಹೊತ್ತಿನಲ್ಲಿ. ವಯಸ್ಸಾದ ಹೆಂಗಸಿನ ದನಿ, ಮೆಲ್ಲಗೆ, ಏದುಸಿರು ಬಿಡುತ್ತ ಮಾತಾಡುತ್ತಿತ್ತು. ಎಮ್ಮೆಗೆ ಈಯುವ ಬ್ಯಾನಿ ಹತ್ತಿ ಬಹಳ ಹೊತ್ತಾಗಿದೆ, ಕರದ ಒಂದು ಕಾಲಷ್ಟೇ ಹೊರಗೆ ಬಂದಿದೆ ಎಂಬುದು ತಿಳಿಯಿತು. ಜಯಮಾಲಾ ಊರು ಕೇಳಿದಳು. 'ದೇವ' ಎಂಬುದು ಕೇಳಿಸಿತು, ಮುಂದೆ 'ನಾವ' ಎಂದಂತಾಯಿತು. ಊರ ಹೆಸರನ್ನು ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳುವುದು ಆಫೀಸಿನ ನಿಯಮ. ಅವಳು ಅದನ್ನು ಬಿಡಲಿಲ್ಲ. "ದೇವರನಾವದಗಿ, ಹೌದಲ್ರಿ?" ಎಂದಳು. ಆ ಕಡೆಯಿಂದ ಚುಟುಕಾಗಿ ಏನೋ ಬಂತು. ಹೌದು ಎಂದಂತೆಯೇ ಇತ್ತು. ಗಾಡಿ ಬರುತ್ತದೆ, ಎಮ್ಮೆಯನ್ನು ಎಬ್ಬಿಸಬೇಡಿರಿ, ಕಾಲು ಹಿಡಿದು ಎಳೆಯಬೇಡಿರಿ ಎಂದು ಸಮಾಧಾನದಿಂದ ಹೇಳಿ ಇಟ್ಟಳು.

ಗಾಡಿಯ ಡ್ರೈವರ್ ಧರೆಪ್ಪ ಡಾಕ್ಟರರನ್ನು ಕೂಡಿಸಿಕೊಂಡು ದೇವರನಾವದಗಿಗೆ ಹೋದ. ಓಣಿ ಓಣಿ ವಿಚಾರಿಸಿದರು. ಆ ಊರಲ್ಲಿ ಈಯುವ ಎಮ್ಮೆಯೇ ಇರಲಿಲ್ಲ. ಕರೆ ಬಂದ ನಂಬರಿಗೆ ಮಾಡಿದರೆ, ಅದು ಆ ಹೆಂಗಸಿನ ಪಕ್ಕದ ಮನೆಯವನ ಫೋನು, ಅವನು ಅದನ್ನು ಜೇಬಿನಲ್ಲಿಟ್ಟುಕೊಂಡು ಹೊಲಕ್ಕೆ ಹೋಗಿಬಿಟ್ಟಿದ್ದ. ಅವನು ಎತ್ತಿ, ಇದು ದೇವಣಗಾಂವ ಎನ್ನುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ಎರಡೂ ಭೀಮಾ ನದಿಯ ಕಡೆಯ ಊರುಗಳೇ, ಆದರೆ ಒಂದರಿಂದ ಇನ್ನೊಂದಕ್ಕೆ ಸುತ್ತಿ ಬಳಸಿ ಹೋಗಬೇಕು. ಗಾಡಿ ಮುಟ್ಟಿದಾಗ ಎಮ್ಮೆ ಕಾಲು ಚಾಚಿ ಮಲಗಿಬಿಟ್ಟಿತ್ತು. ಕರವೂ ಒಳಗೇ ಸತ್ತಿತ್ತು.

ಆ ಹೆಂಗಸಿನ ಹೆಸರು ಚನ್ನವ್ವ. ಅವಳ ಮಗ ಗುರಲಿಂಗಪ್ಪ ಸಂಜೆ ಆಫೀಸಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದ. ಅನಿಲಕುಮಾರ ಜಯಮಾಲಾಳನ್ನು ಕರೆದು ಕೇಳಿದ. ಅವಳಿಗೆ ಅನುಮಾನವೇ ಇರಲಿಲ್ಲ. ತಾನು ತಿರುಗಿ ಹೇಳಿದ್ದೆ, ಆಕೆ ಹೌದೆಂದಿದ್ದಳು, ಎಮ್ಮೆಯ ಸಂಕಟ ನೋಡಿ ಬಾಯಿ ತಪ್ಪಿರಬೇಕು ಎಂದಳು. ಇಷ್ಟು ವರ್ಷ ಅವಳ ಮಾತು ಒಮ್ಮೆಯೂ ಸುಳ್ಳಾದದ್ದಿಲ್ಲ. ಅನಿಲಕುಮಾರ ಅದನ್ನೇ ಗುರಲಿಂಗಪ್ಪನಿಗೆ ತಿಳಿಸಿದ, ನಿಮ್ಮ ತಾಯಿಯೇ ಊರು ತಪ್ಪು ಹೇಳಿದ್ದಾರೆ ಎಂದು. ಅವನು ಮತ್ತೆ ಬೈಯದೆ ಫೋನು ಇಟ್ಟನಂತೆ.

ಹೊಸ ಹೆಡ್‌ಸೆಟ್ ಬಂದಾಗಿನಿಂದ ಕರೆಗಳೆಲ್ಲ ವಿಜಯಪುರದ ಕಂಪ್ಯೂಟರಿನಲ್ಲಿ ಉಳಿಯುತ್ತಿದ್ದವು. ಎರಡು ದಿನದ ಮೇಲೆ ಅಲ್ಲಿಯವರು ಆ ಕರೆಯನ್ನು ಕಳಿಸಿ, ಕೇಳಿ ವರದಿ ಬರೆಯಿರಿ ಎಂದರು. ಅನಿಲಕುಮಾರ ಬಾಗಿಲು ಹಾಕಿಕೊಂಡು ಜಯಮಾಲಾ, ಸುಮಂಗಲಾ, ಧರೆಪ್ಪ ಮೂವರನ್ನೂ ಕೂಡಿಸಿದ. ಎಲ್ಲರ ಮುಂದೆ ಕೇಳಿದರೆ ನಾಳೆ ಮಾತು ಬರುವುದಿಲ್ಲ ಎಂಬುದಷ್ಟೇ ಅವನ ವಿಚಾರ. ಸ್ಪೀಕರು ಮೇಜಿನ ಬಲತುದಿಯಲ್ಲಿತ್ತು. ಜಯಮಾಲಾ ಅದರ ಹತ್ತಿರವೇ ಕೂತಳು. ಸ್ಪೀಕರು ಅವಳ ಬಲಗಿವಿಗೆ ಬಂತು, ಎಡಗಿವಿಗೆ ಕಿಟಕಿಯಾಚೆಯ ರಸ್ತೆಯ ಗದ್ದಲ.

ತನ್ನ ದನಿ ಅವಳಿಗೆ ಸ್ಪಷ್ಟ ಕೇಳಿಸಿತು. ಚನ್ನವ್ವನದು ಜನರೇಟರಿನ ಸದ್ದಿನ ಹಿಂದಿನಿಂದ ಬಂದಂತಿತ್ತು. ದೇವರನಾವದಗಿ ಹೌದಲ್ರಿ ಎಂದು ತಾನೇ ಕೇಳಿದ್ದು ಬಂತು, ಅದರ ಬೆನ್ನಿಗೆ ಆ ಚುಟುಕು ಮಾತು.

"ನೋಡ್ರಿ, ಹೌದು ಅಂದಾಳಲ್ರಿ," ಎಂದಳು ಜಯಮಾಲಾ.

ಅನಿಲಕುಮಾರ ಆ ತುಣುಕನ್ನೇ ಇನ್ನೊಮ್ಮೆ ಹಚ್ಚಿದ. ಅದೇ ಕೇಳಿಸಿತು. ಅವಳು ತಲೆಯಾಡಿಸಿ ಒಬ್ಬೊಬ್ಬರ ಮುಖ ನೋಡಿದಳು. ಧರೆಪ್ಪ ಕುತ್ತಿಗೆಯ ಟವೆಲಿನ ಅಂಚು ಸುರುಳಿ ಸುತ್ತುತ್ತಿದ್ದ. ಅನಿಲಕುಮಾರ ಸ್ಪೀಕರನ್ನು ನೋಡುತ್ತಿದ್ದವನು ಕಣ್ಣೆತ್ತಲಿಲ್ಲ. ಸುಮಂಗಲಾಳ ತುಟಿಗಳು ಅಲ್ಲಾಡಿದವು. ಏನಂದಿ, ಎಂದು ಜಯಮಾಲಾ ಕೇಳಿದಳು. ಸುಮಂಗಲಾ ಎದ್ದಳು. ಕುರ್ಚಿಗಳ ಹಿಂದಿನಿಂದ ಸುತ್ತಿ ಬಂದು ಜಯಮಾಲಾಳ ಎಡಕ್ಕೆ ಬಾಗಿ, ಅವಳ ಕಿವಿಯ ಹತ್ತಿರ ಹೇಳಿದಳು.

"ಅಕ್ಕಾರ, ಆಕಿ ಅಲ್ಲ ಅಂದಾಳ್ರಿ. 'ಅಲ್ರಿ ಯವ್ವಾ, ದೇವಣಗಾಂವ' ಅಂತ. ಎರಡ ಸಲ ಅಂದಾಳ."

ಸುಮಂಗಲಾ ಎಡಕ್ಕೇ ಯಾಕೆ ಬಂದಳು ಎಂಬುದು ಜಯಮಾಲಾಳಿಗೆ ಆಗ ಹೊಳೆಯಿತು.

"ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ," ಎಂದಳು ಸುಮಂಗಲಾ. ಅವಳ ಕಣ್ಣುಗಳು ತುಂಬಿದ್ದವು.

ಅನಿಲಕುಮಾರ ಧರೆಪ್ಪನನ್ನು ಹೊರಗೆ ಕಳಿಸಿದ. ಆಮೇಲೆ ಲೈನು ಸರಿ ಇರಲಿಲ್ಲ ಎಂದು ಬರೆದುಬಿಡುತ್ತೇನೆ, ಜನರೇಟರಿನ ಸದ್ದೂ ಇದೆ, ವಿಜಯಪುರದವರು ಹೆಚ್ಚು ಕೆದಕಲಿಕ್ಕಿಲ್ಲ, ನೀವು ಕಿವಿ ತೋರಿಸಿಕೊಳ್ಳಿರಿ ಎಂದ. ಅವನು ಕೆಟ್ಟವನಲ್ಲ. ಜಯಮಾಲಾಳಿಗೆ ಆ ಮಾತಿಗೆ ಹೂಂ ಎನ್ನುವ ಆಸೆಯಾಯಿತು. ಬಹಳ ದಿನದಿಂದ ಅವಳು ಎಲ್ಲದಕ್ಕೂ ಹೂಂ ಎನ್ನುತ್ತಲೇ ಬಂದಿದ್ದಳು.

"ಲೈನ್ ಚಲೋ ಐತಲ್ರಿ ಸರ್," ಎಂದಳು. "ನಿಮಗೆಲ್ಲಾ ಕೇಳೇತಿ."

ಅವನು ಇದ್ದದ್ದನ್ನು ಇದ್ದ ಹಾಗೆ ಬರೆದ. ವಿಜಯಪುರದಿಂದ ಉತ್ತರ ಬರಲು ತಡವಾಗಲಿಲ್ಲ. ಅವಳನ್ನು ಇನ್ನು ಫೋನಿನ ಮುಂದೆ ಕೂಡಿಸಬಾರದು, ಇಂಡಿಯ ಔಷಧಿ ಗೋದಾಮಿಗೆ ಹೋಗುವುದಾದರೆ ಹೋಗಬಹುದು, ಇಲ್ಲವಾದರೆ ಬಿಡಬಹುದು. ಆ ಸಂಜೆ ಬಸಂತರಾಯನಿಗೆ ಎಲ್ಲವನ್ನೂ ಹೇಳಿದಳು. ಅವನು ಎಡಕ್ಕೆ ಕೂತು ಕೊನೆಯವರೆಗೆ ಕೇಳಿದ. ನಾನು ಅವತ್ತೇ ಹೇಳಿದ್ದೆ ಎನ್ನಲಿಲ್ಲ. ಡಾಕ್ಟರರ ಕಡೆ ಯಾವಾಗ ಹೋಗೋಣ ಎಂದಷ್ಟೇ ಕೇಳಿದ. ಅವಳು ಅದಕ್ಕೂ ಮೊದಲು ದೇವಣಗಾಂವಕ್ಕೆ ಹೋಗಬೇಕೆಂದಳು. ತಾನೂ ಬರುತ್ತೇನೆ ಎಂದದ್ದಕ್ಕೆ ಬೇಡವೆಂದಳು.

ಭಾನುವಾರ ಮಧ್ಯಾಹ್ನದ ಬಸ್ಸಿಗೆ ಹೋದಳು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಎದುರಾದವು. ಎಮ್ಮೆ ಸತ್ತವರ ಮನೆ ಎಂದು ಕೇಳಿದರೆ ಯಾರಾದರೂ ತೋರಿಸುತ್ತಿದ್ದರು. ಆದರೆ ಹಾಗೆ ಕೇಳಲು ಬಾಯಿ ಬರಲಿಲ್ಲ, ಗುರಲಿಂಗಪ್ಪನ ಹೆಸರು ಹೇಳಿ ಕೇಳಿದಳು. ಅಂಗಳದಲ್ಲಿ ಅವನು ಪಂಪಿನ ಪೈಪಿಗೆ ರಬ್ಬರು ಸುತ್ತುತ್ತಿದ್ದ. ನಲವತ್ತರ ಆಸುಪಾಸಿನ ಗಟ್ಟಿ ಆಳು. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಅವನ ತಾಯಿ ಗೋಡೆಗೆ ಆತು ಕೂತಿದ್ದಳು. ಇವಳನ್ನು ನೋಡಿ ಸೆರಗು ಸರಿಮಾಡಿಕೊಂಡಳಷ್ಟೇ.

ಸಿಂದಗಿಯಿಂದ ಬಂದಿದ್ದೇನೆ ಎಂದು ಜಯಮಾಲಾ ಹೇಳಿದಳು. ಮುದುಕಿ ತಲೆಯೆತ್ತಿ ನೋಡಿದಳು.

"ಫೋನಿನ್ಯಾಗ ಮಾತಾಡಿದಾಕಿ ನೀನ ಏನವ್ವಾ?"

"ಹೌದ್ರಿ ಅಮ್ಮಾರ."

"ದನಿ ಗುರ್ತು ಹತ್ತಿತು," ಎಂದು ಚನ್ನವ್ವ ಮತ್ತೆ ನೆಲ ನೋಡಿದಳು.

ಗುರಲಿಂಗಪ್ಪ ಪೈಪು ಬಿಟ್ಟು ಎದ್ದು ನಿಂತ. ಅವ್ವನಿಗೆ ವಯಸ್ಸಾಗಿದೆ, ತಾನು ಮನೆಯಲ್ಲಿರಲಿಲ್ಲ, ಊರ ಹೆಸರು ಹೇಳಲಿಕ್ಕೂ ಬಾರದಷ್ಟು ಬುದ್ಧಿ ಹೋಗಿದೆ ಎಂದ. ತಾಯಿ ಅಲ್ಲೇ ಇದ್ದಾಳೆ ಎಂಬ ಹಂಗಿಲ್ಲದೆ ಅಂದ. ಆ ಮಾತು ಆ ಅಂಗಳದಲ್ಲಿ ಅಷ್ಟು ದಿನಗಳಲ್ಲಿ ಎಷ್ಟೋ ಸಲ ಆಡಿದ್ದಿರಬೇಕು. ಮುದುಕಿ ಕಣ್ಣು ಕೂಡ ಮಿಟುಕಿಸಲಿಲ್ಲ.

ಬಸ್ಸಿನಲ್ಲಿ ಜಯಮಾಲಾ ಹೊಂದಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಅವನು ನಿಂತಲ್ಲಿಗೇ ಹೋದಳು.

"ನಿಮ್ಮ ಅವ್ವಾರು ಊರ ಹೆಸರು ಸರೀನ ಹೇಳ್ಯಾರ್ರಿ," ಎಂದಳು. "ನಾ ತಪ್ಪು ಹೇಳಿದಾಗ ಅಲ್ಲ ಅಂತ ತಿದ್ದ್ಯಾರ. ಎರಡ ಸಲ. ರೆಕಾರ್ಡ್ ಐತ್ರಿ, ಎಲ್ಲಾರೂ ಕೇಳ್ಯಾರ. ನನಗ ಈ ಕಿವಿ ಕೇಳೂದಿಲ್ಲ. ಅದನ್ನ ಮುಚ್ಚಿಟ್ಟು ಕೆಲಸ ಮಾಡಾಕತ್ತಿದ್ನಿ."

ಗುರಲಿಂಗಪ್ಪ ಅವಳನ್ನು ನೋಡಿದ, ಆಮೇಲೆ ತಾಯಿಯನ್ನು. ಬೈಯುತ್ತಾನೆಂದು ಅವಳು ಕಾದಳು, ಬೈದರೆ ತನಗೂ ಹಗುರಾಗುತ್ತದೆ ಎನಿಸಿತು. ಅವನು ಬೈಯಲಿಲ್ಲ.

"ಈಗ ಹೇಳಿದ್ರ ಎಮ್ಮಿ ಏಳತೈತೇನ್ರಿ?" ಎಂದು ದನದ ಮನೆಯ ಕಡೆ ಹೊರಟುಹೋದ.

ಜಯಮಾಲಾ ಅಂಗಳದ ನಡುವೆ ನಿಂತೇ ಇದ್ದಳು. ಹೋಗಬೇಕೋ ಇರಬೇಕೋ ತಿಳಿಯಲಿಲ್ಲ. ಚನ್ನವ್ವ ಕಟ್ಟೆಯ ಮೇಲೆ ಅಂಗೈ ಬಡಿದು ಕೂಡಲು ಸನ್ನೆ ಮಾಡಿದಳು. ಅವಳು ಹೋಗಿ ಕೂತಳು. ಮುದುಕಿ ಎಮ್ಮೆಯ ಮಾತು ತೆಗೆದಳು. ಅದು ತನ್ನ ಕೈಯಲ್ಲೇ ಹುಟ್ಟಿದ್ದು, ಅದರ ತಾಯಿಯೂ ಇದೇ ಮನೆಯದೇ, ಬೇರೆ ಯಾರು ಕೂತರೂ ಹಾಲು ಬಿಡುತ್ತಿರಲಿಲ್ಲ ಎಂದಳು. ಗಾಡಿ ಬರುತ್ತದೆ ಎಂದು ಇವಳು ಹೇಳಿದ್ದಕ್ಕೆ, ಓಣಿಯ ಗಂಡಸರು ಕಾಲು ಹಿಡಿದು ಎಳೆಯುತ್ತೇವೆ ಎಂದು ಬಂದರೂ ಎಮ್ಮೆಯ ಹತ್ತಿರ ಬಿಡಲಿಲ್ಲವಂತೆ. ನಿನ್ನ ಮಾತಿನ ಮೇಲೆ ಭರವಸೆ ಬಂತು ಎಂದಳು. ಅದನ್ನು ದೂರುವಂತೆ ಹೇಳಲಿಲ್ಲ, ಆದದ್ದನ್ನು ಹೇಳಿದಳು, ಅಷ್ಟೇ. ಜಯಮಾಲಾ ತಲೆ ತಗ್ಗಿಸಿ ಒಂದು ಮಾತೂ ಬಿಡದೆ ಕೇಳಿಸಿಕೊಂಡಳು.

"ಉಂಡಿಲ್ಲವ್ವಾ ನಾ ಸರಿಯಾಗಿ," ಎಂದಳು ಚನ್ನವ್ವ ಕೊನೆಗೆ. "ನನಗೂ ಅನುಮಾನ ಬಂದಿತ್ತು. ನಾನ ತಪ್ಪು ಹೇಳಿದ್ನೇನೋ ಅಂತ."

ಹೊತ್ತು ಇಳಿಯುತ್ತಿತ್ತು. ಓಣಿಯ ಹೆಂಗಸರು ಡೇರಿಗೆ ಹಾಲು ಹಾಕಲು ಕ್ಯಾನು ಹಿಡಿದುಕೊಂಡು ಹೋಗತೊಡಗಿದರು. ಒಬ್ಬಳು ನಡೆಯುತ್ತಲೇ ಚನ್ನವ್ವನನ್ನು ಮಾತಾಡಿಸಿದಳು. ಚನ್ನವ್ವ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಒಲೆ ಹೊತ್ತಿದ ವಾಸನೆ ಬಂತು. ತುಸು ಹೊತ್ತಿಗೆ ಅವಳು ಪರಾತದಲ್ಲಿ ಮೂರು ಲೋಟ ಇಟ್ಟುಕೊಂಡು ಬಂದಳು. ಹಾಲಿಲ್ಲದ ಚಹಾ, ಬೆಲ್ಲ ಹಾಕಿದ್ದು. ಒಂದನ್ನು ಜಯಮಾಲಾಳ ಕೈಗಿತ್ತು, ಉಳಿದೆರಡನ್ನು ತೆಗೆದುಕೊಂಡು ಅಂಗಳ ದಾಟಿ ಮಗನ ಹತ್ತಿರ ಹೋದಳು. ಅವನು ಎಮ್ಮೆಗೆ ಮೇವು ಹಾಕುತ್ತಿದ್ದ, ಈಗ ಬರಿದಾದ ಗ್ವಾದಲಿಯ ಅಂಚಿಗೆ ಕೂತಿದ್ದ. ಲೋಟ ಇಸಿದುಕೊಂಡ. ತಾಯಿಯ ಮುಖ ನೋಡಲಿಲ್ಲ, ಆದರೆ ಅವಳಿಗೆ ಕೂಡಲು ಜಾಗವಾಗುವಷ್ಟು ಪಕ್ಕಕ್ಕೆ ಸರಿದ.